ಕಿಬ್ಬೊಟ್ಟೆ ನೋವಿಗೆ ಔಷಧಿ ಕೊಳ್ಳುವ ಮುನ್ನ

ಅರಳಗುಪ್ಪೆಯಲ್ಲಿ ಕೂತು ಚೀನಾದ ಗುಳಿಗೆ ತರಿಸಿಕೊಳ್ಳುವುದು ಈಗ ದೊಡ್ಡ ಸಂಗತಿಯಲ್ಲ. ಮೊಬೈಲಿನಲ್ಲಿ ಒಂದು ಜಾಹೀರಾತು ಒತ್ತಿದರೆ ಸಾಕು. ‘ರಕ್ತ ಸಂಚಾರ ಸರಿಮಾಡುತ್ತದೆ, ಕಿಬ್ಬೊಟ್ಟೆಯನ್ನು ಹದಕ್ಕೆ ತರುತ್ತದೆ’ ಎಂದು ಮಾರಾಟವಾಗುವ ಇಂಥ ಗುಳಿಗೆಗಳಲ್ಲಿ ಹೆಸರುವಾಸಿಯಾದ ಒಂದು ಗುಯ್ ಝಿ ಫು ಲಿಂಗ್ ವಾನ್. ಹೆಸರು ವಿಚಿತ್ರವೆನಿಸಿದರೂ ಅದರ ಹಿಂದಿನ ಮಾತು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ಹಳೆಯ ಪರಿಚಯವೇ. ಮುಟ್ಟಿನ ದಿನ ಕಿಬ್ಬೊಟ್ಟೆ ಹಿಂಡಿದರೆ ‘ಕೆಟ್ಟ ರಕ್ತ ಒಳಗೇ ನಿಂತಿದೆ’, ಹೆಚ್ಚು ಹೋದರೆ ‘ಉಷ್ಣ ಜಾಸ್ತಿಯಾಗಿದೆ’ ಎನ್ನುವ ತೀರ್ಮಾನ ಇಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಆ ತೀರ್ಮಾನದ ಬೆನ್ನಿಗೇ ಅಶೋಕಾರಿಷ್ಟ, ಗರ್ಭಕೋಶದ ಟಾನಿಕ್ಕು, ಹೊಂಬಾಳೆಯ ಲೇಹ್ಯ, ಶುಂಠಿ ಕಷಾಯ ಎಲ್ಲ ಬರುತ್ತವೆ. ಈ ಲೇಖನ ಅವುಗಳಲ್ಲಿ ಯಾವುದನ್ನೂ ಸಾರಾಸಗಟಾಗಿ ತೆಗಳುವುದಿಲ್ಲ. ಇದು ಹೇಳುವುದು ಕ್ರಮದ ಬಗ್ಗೆ. ನೋವಿಗೆ ಕಾರಣವೇನೆಂದು ಗೊತ್ತಾದ ಮೇಲೆ ಔಷಧಿ ಆರಿಸಬೇಕು. ಮೊದಲು ಔಷಧಿ ಕುಡಿದು, ಗುಣವಾಗದಿದ್ದರೆ ಆಮೇಲೆ ಕಾರಣ ಹುಡುಕುವ ಈಗಿನ ರೂಢಿ ತಲೆಕೆಳಗಾದದ್ದು. ಆಸ್ಪತ್ರೆಯವರಿಗಿಂತ ಮುಂಚೆ ಈ ಮಾತನ್ನು ಹೇಳಿದ್ದು ಹಳೆಯ ವೈದ್ಯ ಪದ್ಧತಿಗಳೇ.

ಆ ಚೀನೀ ಗುಳಿಗೆಯನ್ನೇ ನೋಡಿ. ಸುಮಾರು 1,800 ವರ್ಷಗಳ ಹಿಂದೆ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟ ಯೋಗ ಇದು. ಇದರಲ್ಲಿರುವುದು ಐದೇ ವಸ್ತು: ಕಾಸಿಯಾ ದಾಲ್ಚಿನ್ನಿ ಮರದ ಎಳೆಯ ಕಡ್ಡಿ, ಪೈನ್ ಮರದ ಬೇರಿನಲ್ಲಿ ಬೆಳೆಯುವ ಪೊರಿಯಾ ಎಂಬ ಶಿಲೀಂಧ್ರ, ಪಿಯೊನಿ ಜಾತಿಯ ಒಂದು ಗಿಡದ ಬೇರು, ಅದೇ ಜಾತಿಯ ಇನ್ನೊಂದರ ಬೇರಿನ ತೊಗಟೆ, ಪೀಚ್ ಹಣ್ಣಿನ ಬೀಜದ ತಿರುಳು. ಪುಡಿ ಮಾಡಿ, ಜೇನಿನಲ್ಲಿ ಕಲಸಿ ಗುಳಿಗೆ ಕಟ್ಟುತ್ತಾರೆ. ಜಪಾನಿನಲ್ಲಿ ಇದಕ್ಕೆ ಕೇಶಿಬುಕುರ್ಯೋಗಾನ್ ಎಂದು ಹೆಸರು. ಅಲ್ಲಿನ ಆಸ್ಪತ್ರೆಗಳಲ್ಲಿ ಎಂಬಿಬಿಎಸ್‌ಗೆ ಸಮನಾದ ಓದು ಮುಗಿಸಿದ ವೈದ್ಯರೇ ಬರೆದುಕೊಡುತ್ತಾರೆ, ರಾಷ್ಟ್ರೀಯ ಆರೋಗ್ಯ ವಿಮೆ ಹಣ ಕೊಡುತ್ತದೆ. ಆದರೆ ಬರೆದುಕೊಡುವ ಮುನ್ನ ಜಪಾನೀ ಪದ್ಧತಿಯ ವೈದ್ಯರು ಮಾಡುವ ಒಂದು ಕೆಲಸವನ್ನು ಜಾಹೀರಾತು ಹೇಳುವುದಿಲ್ಲ. ರೋಗಿಯನ್ನು ಮಲಗಿಸಿ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಹೊಕ್ಕುಳಿನ ಕೆಳಗೆ ನಿರ್ದಿಷ್ಟ ಜಾಗದಲ್ಲಿ ಗಡಸು, ನೋವು ಇದ್ದರೆ ಈ ಔಷಧಿ, ಇಲ್ಲದಿದ್ದರೆ ಬೇರೆ. ಇದಕ್ಕೆ ಫುಕುಶಿನ್ ಎಂದು ಹೆಸರು. ಅಂದರೆ ‘ಕಿಬ್ಬೊಟ್ಟೆ ನೋವಿಗೆಲ್ಲ ಒಂದೇ ಗುಳಿಗೆ’ ಎಂಬ ಮಾತು ಆ ಪದ್ಧತಿಯೊಳಗೇ ಇಲ್ಲ. ನಮ್ಮ ಆಯುರ್ವೇದ ವೈದ್ಯರೂ ನಾಡಿ ಹಿಡಿದು, ಹತ್ತು ಪ್ರಶ್ನೆ ಕೇಳಿಯೇ ಅರಿಷ್ಟ ಹೇಳುವುದು. ಸೀಮೆಯ ವ್ಯಾಪಾರಿ ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಟಗಟ ಎಂದ ಮೇಲೆ ತಾನೇ ಬೆಲೆ ಹೇಳುವುದು. ಒಳಗೇನಿದೆ ಎಂದು ತಿಳಿಯದೆ ಯಾರೂ ಮುಂದುವರಿಯುವುದಿಲ್ಲ.

ಹಾಗಾಗಿ ಮೊದಲ ಹೆಜ್ಜೆ ಕಾಸು ಖರ್ಚಿಲ್ಲದ್ದು. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರೇ ಇದಕ್ಕೆ ಸಾಕು. ಮೂರು ತಿಂಗಳು ಮುಟ್ಟಾದ ದಿನ, ನಿಂತ ದಿನ, ದಿನಕ್ಕೆ ಬದಲಿಸಿದ ಪ್ಯಾಡ್ ಅಥವಾ ಬಟ್ಟೆಯ ಸಂಖ್ಯೆ, ಗಡ್ಡೆ ಹೋಯಿತೇ ಇಲ್ಲವೇ, ನೋವು ಎಂದು ಶುರುವಾಗಿ ಎಂದು ನಿಂತಿತು ಎಂಬುದನ್ನು ಗುರುತು ಹಾಕಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24ರಿಂದ 38 ದಿನದ ಅಂತರವಿದ್ದು, ರಕ್ತಸ್ರಾವ 8 ದಿನದೊಳಗೆ ನಿಂತರೆ ಸ್ತ್ರೀರೋಗ ತಜ್ಞರು ಅದನ್ನು ಸಹಜವೆಂದೇ ಲೆಕ್ಕ ಹಾಕುತ್ತಾರೆ. ನೋವಿನ ದಿನಗಳೂ ಬಹಳ ಹೇಳುತ್ತವೆ. ಹದಿನೈದು ಹದಿನಾರರ ಹುಡುಗಿಗೆ ಮೊದಲ ಎರಡು ದಿನ ಮಾತ್ರ ನೋವು ಬಂದು ಹೋದರೆ, ಅದು ಬಹುಮಟ್ಟಿಗೆ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದಿಂದ ಗರ್ಭಕೋಶ ಬಿಗಿಯಾಗಿ ಹಿಂಡಿಕೊಳ್ಳುವುದರ ನೋವು. ಒಳಗೆ ಯಾವ ‘ಕೆಟ್ಟ ರಕ್ತ’ವೂ ನಿಂತಿರುವುದಿಲ್ಲ, ಮುಟ್ಟಿನಲ್ಲಿ ಹೋಗುವುದು ಗರ್ಭಕೋಶದ ಒಳಪದರ ಮತ್ತು ಸಾಮಾನ್ಯ ರಕ್ತ. ಮೊದಲು ನೋವಿಲ್ಲದೆ ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಮುಟ್ಟಿಗೆ ನಾಲ್ಕಾರು ದಿನ ಮುಂಚೆಯೇ ಏರುವ ನೋವು, ಸಂಭೋಗದಲ್ಲೋ ಮಲವಿಸರ್ಜನೆಯಲ್ಲೋ ಆಗುವ ನೋವು ಬೇರೆ ದಿಕ್ಕು ತೋರಿಸುತ್ತವೆ. ಗರ್ಭಕೋಶದ ಗಡ್ಡೆ, ಎಂಡೋಮೆಟ್ರಿಯೋಸಿಸ್, ಸೋಂಕು ಇವೆಲ್ಲಕ್ಕೂ ಚಿಕಿತ್ಸೆ ಬೇರೆಬೇರೆ. ಒಂದೇ ಬಾಟಲಿ ಎಲ್ಲಕ್ಕೂ ಆಗುವುದೆಂದರೆ ನಂಬುವುದು ಹೇಗೆ?

ಕೆಲವು ಲಕ್ಷಣಗಳಿಗೆ ಮೂರು ತಿಂಗಳು ಕಾಯುವ ಹಾಗಿಲ್ಲ. ಗಂಟೆಗೊಂದು ಪ್ಯಾಡ್ ನೆನೆದು ಅದು ಎರಡು ಮೂರು ಗಂಟೆ ಮುಂದುವರಿದರೆ, ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದು ಪಕ್ಕ ತೀವ್ರ ನೋವು ಬಂದು ಕಣ್ಣುಕತ್ತಲೆಯಾದರೆ, ಜ್ವರದ ಜೊತೆ ದುರ್ವಾಸನೆಯ ಸ್ರಾವವಿದ್ದರೆ ಅದೇ ದಿನ ಆಸ್ಪತ್ರೆ; 108ಕ್ಕೆ ಕರೆ ಮಾಡಲು ಸಂಕೋಚ ಬೇಡ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುವುದನ್ನು ಕೂಡ ‘ರಕ್ತ ಸಂಚಾರ ಸರಿಯಿಲ್ಲ’ ಎಂದು ಎಣ್ಣೆ ಹಚ್ಚಿ ನೀವಬಾರದು. ಅದು ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರ ಗುರುತಿರಬಹುದು.

ಎರಡನೆಯ ಹೆಜ್ಜೆ ಪರೀಕ್ಷೆ. ಇಲ್ಲಿ ಬರುವ ಆಕ್ಷೇಪ ನ್ಯಾಯವಾದದ್ದೇ: ಕೊಬ್ಬರಿ ಸುಲಿಯುವ ಕೂಲಿ ಬಿಟ್ಟು, ಬಸ್ಸು ಹತ್ತಿ, ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಒಂದು ದಿನದ ದುಡಿಮೆ ಹೋಗುತ್ತದೆ, ಮೆಡಿಕಲ್ ಸ್ಟೋರಿನ ಬಾಟಲಿ ಅದಕ್ಕಿಂತ ಅಗ್ಗ. ಆದರೆ ತಿಂಗಳಿಗೊಂದರಂತೆ ಆರು ತಿಂಗಳು ಕುಡಿದ ಬಾಟಲಿಗಳ ಲೆಕ್ಕ ಹಾಕಿದರೆ ಈ ಅಗ್ಗ ಉಳಿಯುವುದಿಲ್ಲ. ಬೇಕಾದ ಪರೀಕ್ಷೆಗಳೂ ಬಹಳವಲ್ಲ. ಗರ್ಭ ನಿಂತಿದೆಯೇ ಎಂದು ನೋಡುವ ನಿಶ್ಚಯ್ ಕಿಟ್ ಆಶಾ ಕಾರ್ಯಕರ್ತೆಯ ಬಳಿಯೇ ಇರುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. 30 ದಾಟಿದವರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಸೇರಿದೆ. ಹೊಟ್ಟೆಯ ಸ್ಕ್ಯಾನಿಂಗ್ ಬೇಕೆಂದರೆ ಮಾತ್ರ ತಿಪಟೂರಿನ ಸಾರ್ವಜನಿಕ ಆಸ್ಪತ್ರೆಗೋ ತುಮಕೂರಿನ ಜಿಲ್ಲಾಸ್ಪತ್ರೆಗೋ ಹೋಗಬೇಕಾದೀತು. ಹೋಗುವಾಗ ಕ್ಯಾಲೆಂಡರಿನ ಹಾಳೆಗಳನ್ನು ಜೊತೆಗೊಯ್ಯಿರಿ. ‘ತುಂಬಾ ಹೋಗುತ್ತೆ ಡಾಕ್ಟ್ರೇ’ ಎನ್ನುವುದಕ್ಕೂ ‘ಒಂಬತ್ತು ದಿನ, ಎರಡನೇ ದಿನ ಎಂಟು ಪ್ಯಾಡ್’ ಎನ್ನುವುದಕ್ಕೂ ವೈದ್ಯರು ಕೊಡುವ ಗಮನದಲ್ಲಿ ಬಹಳ ವ್ಯತ್ಯಾಸವಿದೆ.

ಹಿಮೋಗ್ಲೋಬಿನ್ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಏಕೆಂದರೆ ‘ರಕ್ತ ಸಂಚಾರ ಸರಿಯಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ರಕ್ತದ ಕೊರತೆ. ಕೈಕಾಲು ತಣ್ಣಗಾಗುವುದು, ನಾಲ್ಕು ಹೆಜ್ಜೆಗೆ ಏದುಸಿರು, ತಲೆಸುತ್ತು, ಸೆಳೆತ ಇವನ್ನೇ ಜಾಹೀರಾತು ಸಂಚಾರದ ದೋಷ ಎನ್ನುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಬಸಿರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗಿದ್ದರೆ ತೀವ್ರ. ಇದಕ್ಕೆ ದಾಲ್ಚಿನ್ನಿಯೂ ಅಶೋಕವೂ ಮದ್ದಲ್ಲ, ಕಬ್ಬಿಣದ ಮಾತ್ರೆ ಮದ್ದು. ಅದು ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಮಲ ಕಪ್ಪಾಯಿತೆಂದು, ಹೊಟ್ಟೆ ತೊಳೆಸಿತೆಂದು ಅರ್ಧಕ್ಕೇ ಬಿಡುವವರು ಹೆಚ್ಚು. ಮಲ ಕಪ್ಪಾಗುವುದು ಸಹಜ. ಹೊಟ್ಟೆ ತೊಳೆಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಟೀ ಕಾಫಿ ಬೇಡ, ಕಬ್ಬಿಣ ಹೀರಿಕೊಳ್ಳುವುದನ್ನು ಅವು ತಡೆಯುತ್ತವೆ. ನಿಂಬೆಹಣ್ಣು, ನೆಲ್ಲಿಕಾಯಿ ಹೆಚ್ಚಿಸುತ್ತವೆ. ಒಸಗೆಯಲ್ಲಿ ಹುಡುಗಿಗೆ ಕೊಡುವ ಚಿಗಳಿ, ಕೊಬ್ಬರಿ ಬೆಲ್ಲ ಒಳ್ಳೆಯ ತಿನಿಸೇ, ಶಕ್ತಿಯನ್ನೂ ಕೊಡುತ್ತವೆ. ಆದರೆ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಎಣ್ಣೆ. ಅದು ರಕ್ತ ಏರಿಸುತ್ತದೆ ಎಂದು ನಂಬಿ ಮಾತ್ರೆಯನ್ನು ಡಬ್ಬಿಯಲ್ಲೇ ಬಿಟ್ಟರೆ ನಷ್ಟ ಹುಡುಗಿಗೆ. ತೆಂಗಿನ ನಾಡಿನವರಿಗೆ ಇದು ರುಚಿಸದ ಮಾತಿರಬಹುದು.

ಪರೀಕ್ಷೆಯಲ್ಲಿ ಬೇರೇನೂ ಕಾಣದೆ, ಇದು ಬರೀ ಮುಟ್ಟಿನ ನೋವು ಎಂದು ತಿಳಿದರೆ ಮನೆಯ ಉಪಾಯಗಳಿಗೆ ಈಗ ಜಾಗ. ಅವುಗಳಲ್ಲಿ ಒಳ್ಳೆಯ ಪುರಾವೆಯಿರುವುದು ಬಿಸಿ ಶಾಖಕ್ಕೆ. ಕಿಬ್ಬೊಟ್ಟೆಗೆ ಹದವಾದ ಶಾಖ ಕೊಡುವ ಪಟ್ಟಿಯನ್ನು ಐಬುಪ್ರೊಫೆನ್ ಮಾತ್ರೆಯ ಜೊತೆ ಹೋಲಿಸಿ 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ ಕೆಲಸ ಮಾಡಿದ್ದವು. ಬಿಸಿನೀರಿನ ಚೀಲ ಸಾಕು, ನಡುವೆ ಒಂದು ಬಟ್ಟೆ ಇರಲಿ. ಒಣಶುಂಠಿ ಪುಡಿಯನ್ನು ಮುಟ್ಟಿನ ಮೊದಲ ಮೂರು ನಾಲ್ಕು ದಿನ ತೆಗೆದುಕೊಂಡರೆ ನೋವು ತಗ್ಗುತ್ತದೆ ಎಂದು ಹಲವು ಸಣ್ಣ ಪ್ರಯೋಗಗಳು ಹೇಳುತ್ತವೆ. ಅವುಗಳಲ್ಲಿ ಬಳಸಿದ್ದು ದಿನಕ್ಕೆ ಮುಕ್ಕಾಲು ಗ್ರಾಂನಿಂದ ಎರಡು ಗ್ರಾಂ. ನೋವಿನ ಮಾತ್ರೆ ಬೇಕಾದವರು ನೋವು ವಿಪರೀತವಾಗುವ ತನಕ ಕಾಯದೆ, ಶುರುವಾದ ಕೂಡಲೇ, ಊಟದ ಮೇಲೆ ತೆಗೆದುಕೊಂಡರೆ ಕಡಿಮೆ ಮಾತ್ರೆಯಲ್ಲಿ ಮುಗಿಯುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಈ ನೋವಿಗೆ ಎಲ್ಲರೂ ಕೇಳಿ ಕೊಳ್ಳುವ ಮೆಫೆನಾಮಿಕ್ ಆಸಿಡ್ ಬಗ್ಗೆ ಭಾರತೀಯ ಔಷಧ ಸಂಹಿತೆ ಆಯೋಗ 2023ರ ಕೊನೆಯಲ್ಲಿ ಎಚ್ಚರಿಕೆ ಹೊರಡಿಸಿತ್ತು. ಅಪರೂಪಕ್ಕೆ ಜ್ವರ, ಮೈಮೇಲೆ ದದ್ದು ಎದ್ದು ಒಳ ಅಂಗಗಳಿಗೂ ತೊಂದರೆಯಾಗುವ ತೀವ್ರ ಅಲರ್ಜಿ ಅದರಿಂದ ಬರಬಹುದು. ಇಂಗ್ಲಿಷ್ ಮದ್ದೆಂದರೆ ಕಣ್ಣುಮುಚ್ಚಿ ನುಂಗಬಹುದು ಎಂದೇನೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ಗಿಡಮೂಲಿಕೆಯ ಯೋಗ ಬೇಕೆನಿಸಿದರೆ? ಬೇಕೆನಿಸುವುದು ತಪ್ಪಲ್ಲ. ಆದರೆ ‘ಪಕ್ಕದ ಮನೆಯವರಿಗೆ ಗುಣ ಕಂಡಿತು’ ಎಂಬ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬುದಕ್ಕೆ ಒಂದು ಪ್ರಯೋಗ ನೆನಪಿಡುವಂಥದ್ದು. ಮೇಲೆ ಹೇಳಿದ ಚೀನೀ ಯೋಗದ ಜಪಾನೀ ರೂಪವನ್ನು ಅಮೆರಿಕದ ಮಿನ್ನೆಸೋಟಾದಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಗೆ ಬಿಸಿಯುಕ್ಕುವ ತೊಂದರೆಯಿದ್ದ 178 ಹೆಂಗಸರ ಮೇಲೆ ಪರೀಕ್ಷಿಸಿದರು; ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಔಷಧಿ ತಿಂದವರಲ್ಲಿ ತೊಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗಿತು. ಔಷಧಿಯೇ ಇಲ್ಲದ ಹುಸಿ ಪುಡಿ ತಿಂದವರಲ್ಲಿ ಕೂಡ ಹೆಚ್ಚುಕಡಿಮೆ ಅಷ್ಟೇ ತಗ್ಗಿತು. ಗರ್ಭಕೋಶದ ಗಡ್ಡೆಗೆ ಗಿಡಮೂಲಿಕೆಗಳ ಬಳಕೆ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಪುರಾವೆ ಸಾಲದು ಎಂದಿತು. ಜಪಾನಿನ ವಿಮೆ ಹಣ ಕೊಡುತ್ತದಲ್ಲ ಎನ್ನಬಹುದು. ವಿಮೆ ಹಣ ಕೊಡುವುದು ವೈದ್ಯರು ನೋಡಿ ಬರೆದ, ಗುಣಮಟ್ಟ ಪರೀಕ್ಷೆಯಾದ ಪೊಟ್ಟಣಕ್ಕೆ. ಭಾರತದಲ್ಲಿ ಆಯುಷ್ ಸಚಿವಾಲಯದಡಿ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪತಿ ಇವೆ. ಚೀನೀ ಮೂಲಿಕಾ ವೈದ್ಯ ಅದರಲ್ಲಿಲ್ಲ. ಅಂಚೆಯಲ್ಲಿ ಬಂದ ಗುಳಿಗೆಯಲ್ಲಿ ಏನಿದೆ ಎಂದು ಇಲ್ಲಿ ಹೊಣೆ ಹೊರುವವರಿಲ್ಲ. ನನ್ನ ಅಭಿಪ್ರಾಯದಲ್ಲಿ ಅದನ್ನು ತರಿಸುವುದೇ ಬೇಡ.

ನಮ್ಮದೇ ಅಶೋಕಾರಿಷ್ಟದ ಕತೆ ಇಷ್ಟು ಕಷ್ಟದ್ದಲ್ಲ. ಆದರೂ ಕೊಳ್ಳುವಾಗ ಲೇಬಲ್ ಓದಬೇಕು. ಭೈಷಜ್ಯ ರತ್ನಾವಳಿಯಲ್ಲಿ ಬರುವ ಈ ಯೋಗಕ್ಕೆ ಅಶೋಕದ ತೊಗಟೆಯ ಕಷಾಯ, ಬೆಲ್ಲ, ಧಾತಕಿ ಹೂವು ಮುಖ್ಯ. ಜೊತೆಗೆ ಶುಂಠಿ, ಜೀರಿಗೆ, ತ್ರಿಫಲೆ, ಆಡುಸೋಗೆ, ಚಂದನ ಮೊದಲಾದವು ಸೇರಿ ಹುದುಗುತ್ತವೆ. ಹುದುಗಿದ ಕಾರಣ ಇದರಲ್ಲಿ ಸಾಮಾನ್ಯವಾಗಿ ಶೇ 5ರಿಂದ 10ರಷ್ಟು ಆಲ್ಕೋಹಾಲ್ ತಾನಾಗಿಯೇ ಇರುತ್ತದೆ. ಬಸಿರಿ, ಹಾಲೂಡಿಸುವ ತಾಯಿ, ಯಕೃತ್ತಿನ ತೊಂದರೆಯಿರುವವರು ಕುಡಿಯಬಾರದು. ಬೆಲ್ಲವಿರುವುದರಿಂದ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಬೇಕು. ಅಸಲಿ ಅಶೋಕ ಕಿತ್ತಳೆ ಕೆಂಪು ಹೂಗೊಂಚಲು ಬಿಡುವ ಮರ. ಅಳಿವಿನ ಭೀತಿಯಲ್ಲಿರುವುದರಿಂದ ಅದರ ತೊಗಟೆ ದುಬಾರಿ, ಕಲಬೆರಕೆಯೂ ಹೆಚ್ಚು. ಶಾಲೆ, ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ಬೆಳೆದು ನಾವು ಅಶೋಕವೆಂದೇ ಕರೆಯುವ ಮರ ಅದಲ್ಲ. ಅದರ ತೊಗಟೆ ಕೆತ್ತಿ ಕಷಾಯ ಕಾಯಿಸಿ ಪ್ರಯೋಜನವಿಲ್ಲ. ಬಾಟಲಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಪದಾರ್ಥಗಳ ಪಟ್ಟಿ ಇರಲೇಬೇಕು. ಸಂತೆಯಲ್ಲಿ, ವ್ಯಾನಿನಲ್ಲಿ ಮೈಕು ಕಟ್ಟಿ ಮಾರುವ ಲೇಬಲ್ಲಿಲ್ಲದ ಪುಡಿಗೆ ಇದ್ಯಾವುದೂ ಇರುವುದಿಲ್ಲ. ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ ದಕ್ಷಿಣ ಏಷ್ಯಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ‘ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತಿಗೆ ಇದೊಂದೇ ಉತ್ತರ ಸಾಕು. ಇನ್ನೊಂದು ಗುಟ್ಟು ಜಾಹೀರಾತಿನಲ್ಲೇ ಇದೆ: ಮುಟ್ಟಿನ ದೋಷ ಸರಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಯಾರು ದೊಡ್ಡ ದನಿಯಲ್ಲಿ ಆ ಭರವಸೆ ಕೊಡುತ್ತಾರೋ ಅವರು ಕಾನೂನನ್ನೇ ಮುರಿಯುತ್ತಿದ್ದಾರೆ ಎಂದು ತಿಳಿದರೆ ಕೊಳ್ಳುವ ಕೈ ಸ್ವಲ್ಪ ತಡೆಯುತ್ತದೆ.

ಕುಡಿಯಲು ಶುರು ಮಾಡಿದರೆ ಒಂದು ಸಲಕ್ಕೆ ಒಂದೇ ಔಷಧಿ, ಆಯುರ್ವೇದ ಪದವೀಧರ ವೈದ್ಯರು ಹೇಳಿದ ಪ್ರಮಾಣದಲ್ಲಿ, ಊಟದ ಮೇಲೆ ಸಮಪ್ರಮಾಣದ ನೀರು ಬೆರೆಸಿ. ಮೂರು ಮುಟ್ಟಿನ ಅವಧಿ ಕೊಡಿ. ಕ್ಯಾಲೆಂಡರಿನ ಲೆಕ್ಕ ಬದಲಾಗದಿದ್ದರೆ ನಿಲ್ಲಿಸಿ. ‘ಇನ್ನೊಂದು ಬಾಟಲಿ ನೋಡೋಣ’ ಎಂಬ ಮಾತಿನಲ್ಲಿ ವರ್ಷಗಳು ಹೋಗಿಬಿಡುತ್ತವೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಕವಾಟದ ಆಪರೇಷನ್ ಆದವರು, ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ನುಂಗುವವರು ‘ರಕ್ತ ಸಂಚಾರ’ದ ಯಾವ ಮೂಲಿಕೆಯನ್ನೂ ವೈದ್ಯರಿಗೆ ಹೇಳದೆ ಸೇರಿಸಬಾರದು, ರಕ್ತ ತೆಳುವಾಗುವುದು ಹೆಚ್ಚಾಗಿ ಒಳಗೇ ಸೋರಬಹುದು. ದಿನಾ ಚಮಚಗಟ್ಟಲೆ ಚಕ್ಕೆ ಪುಡಿ ತಿನ್ನುವ ಹೊಸ ಚಾಳಿಯೂ ಬೇಡ. ಕಾಸಿಯಾ ಜಾತಿಯ ಚಕ್ಕೆಯಲ್ಲಿರುವ ಕೂಮರಿನ್ ಹೆಚ್ಚಾದರೆ ಯಕೃತ್ತಿಗೆ ಕೆಡುಕು. ಸಾರಿಗೆ, ಪಲಾವಿಗೆ ಹಾಕುವಷ್ಟಕ್ಕೆ ಹೆದರಬೇಕಿಲ್ಲ.

ಈ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ‘ಆಸ್ಪತ್ರೆಗೆ ಹೋದರೆ ಗರ್ಭಕೋಶವನ್ನೇ ತೆಗೆಸಿ ಅಂತಾರೆ, ಅದಕ್ಕಿಂತ ಅರಿಷ್ಟವೇ ವಾಸಿ’ ಎಂಬ ಭಯ ಹುಟ್ಟಿದ್ದು ಕಾರಣವಿಲ್ಲದೆ ಅಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಬೇಕಿಲ್ಲದೆ ಗರ್ಭಕೋಶ ತೆಗೆದ ಪ್ರಕರಣಗಳು ಈ ಶತಮಾನದ ಎರಡನೇ ದಶಕದಲ್ಲಿ ಬೆಳಕಿಗೆ ಬಂದವು. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಲು ರಾಜ್ಯಗಳಿಗೆ ಹೇಳಿತು. ಆದರೆ ಈ ಭಯಕ್ಕೆ ಪರಿಹಾರ ಆಸ್ಪತ್ರೆಯಿಂದ ದೂರ ಓಡುವುದರಲ್ಲಿಲ್ಲ, ಸರಿಯಾಗಿ ಪ್ರಶ್ನೆ ಕೇಳುವುದರಲ್ಲಿದೆ. ಗಡ್ಡೆ ಎಷ್ಟು ದೊಡ್ಡದು, ಗರ್ಭಕೋಶದ ಯಾವ ಭಾಗದಲ್ಲಿದೆ, ಅದರಿಂದಲೇ ನೋವು ಬರುತ್ತಿದೆಯೇ ಎಂದು ಕೇಳಿ. ಎಷ್ಟೋ ಗಡ್ಡೆಗಳು ಏನೂ ತೊಂದರೆ ಕೊಡದೆ ಇರುತ್ತವೆ, ಮುಟ್ಟು ನಿಂತ ಮೇಲೆ ಕುಗ್ಗುತ್ತವೆ. ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನು, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿ ಇವೆ. ಇವನ್ನು ಯಾಕೆ ಪ್ರಯತ್ನಿಸಬಾರದು ಎಂದು ಕೇಳಿ. ಅಂಡಾಶಯವನ್ನೂ ತೆಗೆಯುತ್ತೀರಾ, ತೆಗೆದರೆ ಮೂಳೆಗೆ, ಹೃದಯಕ್ಕೆ ಮುಂದೇನಾಗುತ್ತದೆ ಎಂದು ಕೇಳಿ. ಜೀವಕ್ಕೆ ಅಪಾಯವಿಲ್ಲದಿದ್ದರೆ ಅಂದೇ ಒಪ್ಪಿ ಸಹಿ ಹಾಕುವ ಅಗತ್ಯವಿಲ್ಲ. ಸ್ಕ್ಯಾನಿಂಗ್ ವರದಿ ಕೈಗೆ ತೆಗೆದುಕೊಂಡು ಜಿಲ್ಲಾಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಕುಡಿಯುತ್ತಿರುವ ಅರಿಷ್ಟ, ಲೇಹ್ಯಗಳ ಬಾಟಲಿಗಳನ್ನೂ ಮುಚ್ಚಿಡದೆ ಅಲ್ಲಿ ತೋರಿಸಿ. ಆಪರೇಷನ್ ನಿಶ್ಚಯವಾದರೆ ಅವನ್ನು ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ.

ಮನೆಯ ಹಿರಿಯ ಹೆಂಗಸರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕಿದೆ, ಏಕೆಂದರೆ ಇದನ್ನು ಮುಚ್ಚಿಟ್ಟುಕೊಳ್ಳುವವರು ಅವರೇ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಬಟ್ಟೆಯಲ್ಲಿ ರಕ್ತದ ಒಂದು ಕಲೆ ಕಂಡರೂ ಅದು ಉಷ್ಣವಲ್ಲ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರಿನ ಮೊದಲ ಗುರುತು, ಆ ಹಂತದಲ್ಲಿ ಹಿಡಿದರೆ ಗುಣವಾಗುವಂಥದ್ದು. ಆಗ ಯಾವ ಕಷಾಯ, ಅರಿಷ್ಟ, ಗುಳಿಗೆಗೂ ಕೈ ಹಾಕಬೇಡಿ. ಮಗಳಿಗೋ ಸೊಸೆಗೋ ಆಶಾ ಕಾರ್ಯಕರ್ತೆಗೋ ಹೇಳಿ, ಆ ವಾರದೊಳಗೇ ಆಸ್ಪತ್ರೆಗೆ ಹೋಗಿ.